ಜರ್ಮನಿಯಲ್ಲಿರುವ ತಂಗಿ ‘ಫೇರಿಯನ್ ಇಲ್ಲ, ಉರ್ಲೌಬ್ ಸಿಗಲ್ಲ’ ಅನ್ನುತ್ತಾಳೆ, ಮದುವೆ ತಾರೀಖು ಹೇಗೆ ಹಿಡಿಯಲಿ?

ಗೋಕುಲ ರೋಡ್ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಜರ್ಮನಿಯಲ್ಲಿ ಇರುವವರು, ಇದ್ದು ಬಂದವರು ಯಾರಾದರೂ ಇದ್ದರೆ ಸ್ವಲ್ಪ ಬಿಡಿಸಿ ಹೇಳಿ.

ನಮ್ಮದು ಹುಬ್ಬಳ್ಳಿ. ತಮ್ಮನ ಮದುವೆ ಗೊತ್ತಾಗಿದೆ. 2026ರ ಬೇಸಿಗೆಯಲ್ಲಿ ಅಧಿಕ ಜ್ಯೇಷ್ಠ ಬಂದಿದ್ದರಿಂದ ಹಿರಿಯರು ಬೇಡ ಅಂದರು, ಹಾಗಾಗಿ 2027ರ ಮೇ ತಿಂಗಳು ಅಂತ ಎರಡೂ ಮನೆಯವರು ಒಪ್ಪಿದ್ದೇವೆ. ಈಗಲೇ ಕಲ್ಯಾಣ ಮಂಟಪ ಹಿಡಿಯದಿದ್ದರೆ ಸಿಗುವುದಿಲ್ಲ, ಅದು ಇಲ್ಲಿಯವರಿಗೆ ಗೊತ್ತೇ ಇದೆ.

ತಂಗಿ ಸ್ಟುಟ್‌ಗಾರ್ಟ್‌ನಲ್ಲಿದ್ದಾಳೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಅಳಿಯ ಎರಡನೇ ಕ್ಲಾಸು, ಸೊಸೆ ಇನ್ನೂ ಬಾಲವಾಡಿಗೆ ಹೋಗುತ್ತಾಳೆ, ಅಲ್ಲಿ ಅದಕ್ಕೆ ಕೀಟಾ ಅಂತಾರಂತೆ. ನಾನು ಮೇ 9ರ ಭಾನುವಾರ ಆಗಬಹುದಾ ಅಂತ ಕೇಳಿದೆ. ಅವಳಿಂದ ಬಂದ ಮೆಸೇಜು ಹೀಗಿದೆ: ‘ಅಣ್ಣಾ, ಮೇ 9ಕ್ಕೆ ಆಗಲ್ಲ, ಫೇರಿಯನ್ ಇಲ್ಲ. ಹಿಮ್ಮೆಲ್‌ಫಾರ್ಟ್ ಬ್ರುಕೆನ್‌ಟಾಗ್ ಒಂದೇ ಸಾಲಲ್ಲ. ಫಿಂಗ್‌ಸ್ಟೆನ್ ಆದರೆ ನೋಡಬಹುದು. ಇವರ ಉರ್ಲೌಬ್ ಜನವರಿಯೊಳಗೆ ಹಾಕಬೇಕು.’ ಫೋನ್ ಮಾಡಿದರೆ ಅವಳು ಯಾವಾಗಲೂ ಗಡಿಬಿಡಿಯಲ್ಲೇ ಇರುತ್ತಾಳೆ, ಕೇಳಿದ್ದನ್ನೇ ಎಷ್ಟು ಸಲ ಕೇಳುವುದು.

ನಾನು ಹೈಸ್ಕೂಲ್ ಮೇಷ್ಟ್ರು. ನಮ್ಮ ಕಡೆ ಎಲ್ಲಕ್ಕೂ ಸೂಟಿ ಅಂತೀವಿ. ದೀಪಾವಳಿಗೂ ಸೂಟಿ, ಬೇಸಿಗೆಗೂ ಸೂಟಿ, ಸಿಎಲ್ ಹಾಕಿದರೂ ಸೂಟಿ. ಅವಳ ಒಂದು ಮೆಸೇಜಿನಲ್ಲೇ ನಾಲ್ಕು ಥರದ ಸೂಟಿ ಇದೆ ಅನಿಸುತ್ತದೆ, ಒಂದೂ ತಲೆಗೆ ಹೋಗುತ್ತಿಲ್ಲ.

ಇನ್ನೊಂದು ಮಾತು. ಎರಡು ವರ್ಷದ ಹಿಂದೆ ಚಿಕ್ಕಪ್ಪನ ಮಗಳ ಮದುವೆಗೆ ತಂಗಿ ಒಬ್ಬಳೇ ನಾಲ್ಕು ದಿನಕ್ಕೆ ಬಂದು ಹೋದಳು. ಮಕ್ಕಳನ್ನು ಕರೆತರಲಿಲ್ಲ. ಅಪ್ಪ ಅವತ್ತು ಏನೂ ಮಾತಾಡಲಿಲ್ಲ, ಆದರೆ ಆಮೇಲೆ ಬಹಳ ದಿನ ನೊಂದುಕೊಂಡರು. ಈ ಸಲ ಅವಳೇ ಕಳಸಗಿತ್ತಿ. ಮಕ್ಕಳು ಸೋದರಮಾವನ ಮದುವೆ ನೋಡಬೇಕು. ಮುಹೂರ್ತವನ್ನು ಶಾಸ್ತ್ರಿಗಳ ಹತ್ತಿರ ಕೇಳುವ ಮೊದಲು, ಯಾವ ದಿನಗಳಲ್ಲಿ ಅವರು ನಾಲ್ಕೂ ಜನ ಬರಲು ಸಾಧ್ಯ ಅಂತ ನನಗೆ ತಿಳಿಯಬೇಕು.

ರಾಣೆಬೆನ್ನೂರಿನವಳು

ನಮಸ್ಕಾರ ಸರ್. ನಾನೂ ಸ್ಟುಟ್‌ಗಾರ್ಟ್ ಹತ್ತಿರವೇ ಇದ್ದೇನೆ, ಏಳು ವರ್ಷ ಆಯಿತು, ಎರಡು ಮಕ್ಕಳು. ನಿಮ್ಮ ತಂಗಿಯ ಮೆಸೇಜು ನನಗೆ ಪೂರ್ತಿ ಅರ್ಥವಾಯಿತು, ನಾನೂ ನಮ್ಮ ಅಮ್ಮನಿಗೆ ಹೀಗೇ ಬರೆಯುತ್ತೇನೆ.

ಇಲ್ಲಿ ಸೂಟಿಗೆ ಮೂರು ಪದ. ಒಂದರ ಜಾಗದಲ್ಲಿ ಇನ್ನೊಂದು ಬರುವುದಿಲ್ಲ.

ಫೈಯರ್‌ಟಾಗ್ ಅಂದರೆ ಸಾರ್ವತ್ರಿಕ ರಜೆ. ನಮ್ಮ ಆಗಸ್ಟ್ 15, ಜನವರಿ 26 ಇದ್ದ ಹಾಗೆ. ಆಫೀಸು, ಶಾಲೆ, ಅಂಗಡಿ ಎಲ್ಲ ಬಂದ್. ಸಂಬಳ ಕಟ್ ಆಗುವುದಿಲ್ಲ, ನಿಮ್ಮ ಖಾತೆಯ ರಜೆಯೂ ಖರ್ಚಾಗುವುದಿಲ್ಲ.

ಫೇರಿಯನ್ ಅಂದರೆ ಶಾಲೆಯ ಸೂಟಿ. ಇದು ಮಕ್ಕಳಿಗೆ ಮಾತ್ರ. ಅಪ್ಪ ಅಮ್ಮನಿಗೆ ಆಫೀಸು ಇದ್ದೇ ಇರುತ್ತದೆ.

ಉರ್ಲೌಬ್ ಅಂದರೆ ನೌಕರರು ಅರ್ಜಿ ಹಾಕಿ ತೆಗೆದುಕೊಳ್ಳುವ ರಜೆ. ನಿಮ್ಮ ಇಎಲ್ ಥರ ಅಂದುಕೊಳ್ಳಿ.

ನಾಲ್ಕೂ ಜನ ಹುಬ್ಬಳ್ಳಿಗೆ ಬರಬೇಕಾದರೆ ಏನಾಗಬೇಕು ನೋಡಿ. ಮಗನಿಗೆ ಫೇರಿಯನ್ ಇರಬೇಕು, ಅದೇ ದಿನಗಳಿಗೆ ಗಂಡನಿಗೂ ಉರ್ಲೌಬ್ ಮಂಜೂರಾಗಬೇಕು, ಹೆಂಡತಿಗೂ ಆಗಬೇಕು. ಇವುಗಳ ನಡುವೆ ಫೈಯರ್‌ಟಾಗ್ ಬಿದ್ದರೆ ಒಂದೊಂದು ದಿನ ಉಳಿಯುತ್ತದೆ. ಅವಳು ಹೇಳುತ್ತಿರುವುದು ಇಷ್ಟೇ.

ಹಿಮ್ಮೆಲ್‌ಫಾರ್ಟ್ ಅಂದರೆ ಯೇಸು ಸ್ವರ್ಗಕ್ಕೆ ಏರಿದ ದಿನ. ಅದು ಯಾವಾಗಲೂ ಗುರುವಾರ. 2027ರಲ್ಲಿ ಮೇ 6. ಗುರುವಾರ ಸೂಟಿ, ಶನಿವಾರ ಭಾನುವಾರ ಸೂಟಿ, ನಡುವೆ ಶುಕ್ರವಾರ ಒಂದೇ ಕೆಲಸದ ದಿನ. ಆ ಶುಕ್ರವಾರವೇ ಬ್ರುಕೆನ್‌ಟಾಗ್, ಬ್ರುಕೆ ಅಂದರೆ ಸೇತುವೆ. ಒಂದು ಉರ್ಲೌಬ್ ಹಾಕಿದರೆ ನಾಲ್ಕು ದಿನ ಸಿಗುತ್ತದೆ. ನೀವು ಕೇಳಿದ ಮೇ 9 ಈ ನಾಲ್ಕು ದಿನದ ಕೊನೆಯ ದಿನ. ಬರಲು ಒಂದು ದಿನ, ಹೋಗಲು ಒಂದು ದಿನ, ಸೋಮವಾರ ಬೆಳಗ್ಗೆ ಮಗ ಕ್ಲಾಸಿನಲ್ಲಿ ಕೂತಿರಬೇಕು. ಅದಕ್ಕೇ ಆಗಲ್ಲ ಅಂದಳು.

ಶಾಲೆ ತಪ್ಪಿಸಿ ಕರೆತರಬಹುದಲ್ವಾ ಅಂತ ನಮ್ಮ ಮನೆಯಲ್ಲೂ ಕೇಳುತ್ತಾರೆ. ಇಲ್ಲಿ ಅದು ಆಗುವುದಿಲ್ಲ. ಶೂಲ್‌ಫ್ಲಿಖ್ಟ್ ಅಂತ ಕಾನೂನು ಇದೆ, ಮಗು ಶಾಲೆಗೆ ಬರಲೇಬೇಕು, ಕಾರಣ ಇಲ್ಲದೆ ತಪ್ಪಿಸಿದರೆ ತಂದೆ ತಾಯಿಗೆ ದಂಡ. 2018ರಲ್ಲಿ ಫೇರಿಯನ್ ಶುರುವಾಗುವ ಮೊದಲೇ ಮಕ್ಕಳನ್ನು ಕರೆದುಕೊಂಡು ಹೊರಟವರನ್ನು ಬವೇರಿಯಾದ ಮೆಮ್ಮಿಂಗನ್ ವಿಮಾನ ನಿಲ್ದಾಣದಲ್ಲಿ ಪೊಲೀಸರೇ ತಡೆದು ಕೇಳಿದ್ದು ದೊಡ್ಡ ಸುದ್ದಿ ಆಗಿತ್ತು. ದೊಡ್ಡ ಕೌಟುಂಬಿಕ ಕಾರಣ ಇದ್ದರೆ ಶಾಲೆಗೆ ಅರ್ಜಿ ಕೊಟ್ಟು ಬೊಯರ್‌ಲೌಬುಂಗ್ ಅಂತ ಅನುಮತಿ ಕೇಳಬಹುದು, ಆದರೆ ಅದನ್ನು ಸೂಟಿಯ ಹಿಂದೆ ಮುಂದೆ ಅಂಟಿಸಿ ಕೇಳಿದರೆ ಬಹಳ ಬಿಗಿ. ನಮ್ಮ ಅಜ್ಜನ ವರ್ಷಾಂತಕ್ಕೆ ಸೂಟಿಗೆ ಮುಂಚಿನ ಎರಡು ದಿನ ಕೇಳಿದ್ದೆ, ಮಗಳ ಶಾಲೆಯವರು ಕೊಡಲಿಲ್ಲ. ತುಂಬಾ ಬೇಜಾರಾಯಿತು. ಅವತ್ತಿನಿಂದ ನಾನು ಊರಿನ ಯಾವ ಕಾರ್ಯಕ್ರಮ ಇದ್ದರೂ ಮೊದಲು ಫೇರಿಯನ್ ಪಟ್ಟಿ ಕಳಿಸಿಬಿಡುತ್ತೇನೆ.

ಇನ್ನು ಫಿಂಗ್‌ಸ್ಟೆನ್, ಇದೂ ಕ್ರೈಸ್ತರ ಹಬ್ಬ. ಇದೇ ನಿಮ್ಮ ದಾರಿ ಸರ್. ಈಸ್ಟರ್ ಆಗಿ ಐವತ್ತನೇ ದಿನದ ಸೋಮವಾರ ಫಿಂಗ್‌ಸ್ಟ್‌ಮೋಂಟಾಗ್, ಇಡೀ ಜರ್ಮನಿಗೆ ಸೂಟಿ. 2027ರಲ್ಲಿ ಅದು ಮೇ 17. ಸ್ಟುಟ್‌ಗಾರ್ಟ್ ಇರುವುದು ಬೇಡನ್-ವುರ್ಟೆಂಬರ್ಗ್ ರಾಜ್ಯದಲ್ಲಿ, ಇಲ್ಲಿ ಅದರ ಬೆನ್ನಿಗೇ ಸುಮಾರು ಎರಡು ವಾರ ಫಿಂಗ್‌ಸ್ಟ್‌ಫೇರಿಯನ್ ಕೊಡುತ್ತಾರೆ. ಬವೇರಿಯಾದಲ್ಲೂ ಹಾಗೇ. ಉಳಿದ ಬಹಳ ರಾಜ್ಯಗಳಲ್ಲಿ ಒಂದೋ ಎರಡೋ ದಿನ, ಕೆಲವು ಕಡೆ ಇಲ್ಲವೇ ಇಲ್ಲ. ನಿಮ್ಮ ತಂಗಿ ಬರ್ಲಿನ್‌ನಲ್ಲಿ ಇದ್ದಿದ್ದರೆ ಮೇ ತಿಂಗಳ ಮದುವೆಗೆ ಬಹಳ ಕಷ್ಟ ಇತ್ತು.

ಅದೇ ಎರಡು ವಾರದೊಳಗೆ ಮೇ 27, ಗುರುವಾರ, ಫ್ರೋನ್‌ಲೈಖ್ನಾಮ್ ಅಂತ ಕ್ಯಾಥೊಲಿಕ್ ಹಬ್ಬ ಬರುತ್ತದೆ. ಅದೂ ನಮ್ಮ ರಾಜ್ಯದಲ್ಲಿ ಫೈಯರ್‌ಟಾಗ್. ಈಗ ಲೆಕ್ಕ ಹಾಕಿ. ಮೇ 15 ಶನಿವಾರದಿಂದ ಮೇ 30 ಭಾನುವಾರದವರೆಗೆ ಹದಿನಾರು ದಿನ. ಅದರಲ್ಲಿ ಸೋಮವಾರದಿಂದ ಶುಕ್ರವಾರದ ದಿನಗಳು ಹತ್ತು. ಎರಡು ಫೈಯರ್‌ಟಾಗ್ ಕಳೆದರೆ ಎಂಟು. ಎಂಟು ಉರ್ಲೌಬ್ ಕೊಟ್ಟು ಪ್ರಯಾಣ ಸೇರಿ ಹದಿನಾರು ದಿನ ಪಡೆಯಬಹುದು. ವರ್ಷದಲ್ಲಿ ಇಂಥ ಅವಕಾಶ ಮತ್ತೆ ಸಿಗುವುದು ಕಷ್ಟ.

ಧಾರವಾಡದ ಜರ್ಮನ್ ಪಾಠದವರು

ಮೇಲಿನ ಅಕ್ಕ ಚೆನ್ನಾಗಿ ಹೇಳಿದ್ದಾರೆ. ನಾನು ಧಾರವಾಡದಲ್ಲಿ ಜರ್ಮನ್ ಹೇಳಿಕೊಡುತ್ತೇನೆ, ಪದಗಳ ಬಗ್ಗೆ ಒಂದು ಸುಲಭದ ದಾರಿ ಹೇಳುತ್ತೇನೆ ಮೇಷ್ಟ್ರೇ. ಜರ್ಮನ್‌ನಲ್ಲಿ ಪದಕ್ಕೆ ಪದ ಅಂಟಿಸಿ ಉದ್ದ ಮಾಡುತ್ತಾರೆ. ನೀವು ಕೊನೆಯ ತುಂಡು ನೋಡಿ. ನಮ್ಮ ‘ಬೇಸಿಗೆ ರಜೆ’, ‘ದಸರಾ ರಜೆ’ ಇದ್ದ ಹಾಗೆ, ಮುಖ್ಯ ಪದ ಕೊನೆಯಲ್ಲೇ ಇರುತ್ತದೆ.

ಕೊನೆಗೆ ಫೇರಿಯನ್ ಇದ್ದರೆ ಶಾಲೆ ಸೂಟಿ: ಸೊಮ್ಮರ್‌ಫೇರಿಯನ್ ಬೇಸಿಗೆಯದು, ಹೆರ್ಬ್‌ಸ್ಟ್‌ಫೇರಿಯನ್ ಅಕ್ಟೋಬರ್ ಆಸುಪಾಸಿನದು, ವೈನಾಖ್ಟ್ಸ್‌ಫೇರಿಯನ್ ಕ್ರಿಸ್‌ಮಸ್‌ದು, ಓಸ್ಟರ್‌ಫೇರಿಯನ್ ಈಸ್ಟರ್‌ದು. ಒಂದೇ ಒಂದು ಕಡೆ ಎಡವುವುದು ಬೆಟ್ರೀಬ್ಸ್‌ಫೇರಿಯನ್ ಅನ್ನುವ ಪದದಲ್ಲಿ. ಅದು ಶಾಲೆಯದಲ್ಲ, ಕಂಪನಿಯೇ ಇಡೀ ಬಾಗಿಲು ಹಾಕುವ ದಿನಗಳು. ಸಾಮಾನ್ಯವಾಗಿ ಕ್ರಿಸ್‌ಮಸ್ ಮತ್ತು ಹೊಸ ವರ್ಷದ ನಡುವೆ. ಆ ದಿನಗಳಿಗೆ ನೌಕರರ ಉರ್ಲೌಬ್‌ನಿಂದಲೇ ಕತ್ತರಿಸುವ ಕಂಪನಿಗಳು ಬಹಳ ಇವೆ.

ಕೊನೆಗೆ ಉರ್ಲೌಬ್ ಇದ್ದರೆ ನೌಕರರ ರಜೆ. ರೆಸ್ಟ್‌ಉರ್ಲೌಬ್ ಅಂದರೆ ಹಿಂದಿನ ವರ್ಷ ಉಳಿದದ್ದು. ಸೋಂಡರ್‌ಉರ್ಲೌಬ್ ಅಂದರೆ ವಿಶೇಷ ರಜೆ, ತನ್ನದೇ ಮದುವೆ, ಮನೆಯಲ್ಲಿ ಸಾವು, ಇಂಥದ್ದಕ್ಕೆ. ತಮ್ಮನ ಮದುವೆಗೆ ಅದು ಸಿಗುತ್ತದೆ ಅಂತ ನಂಬಿಕೊಂಡು ಕೂರಬೇಡಿ.

ಫೈಯರ್‌ಆಬೆಂಡ್ ಅಂತ ತಂಗಿ ಹೇಳಿದರೆ ಅದನ್ನು ಹಬ್ಬ ಅಂದುಕೊಳ್ಳಬೇಡಿ. ಅವತ್ತಿನ ಕೆಲಸ ಮುಗಿಯಿತು, ಮನೆಗೆ ಹೊರಟೆ ಅಂತ ಅರ್ಥ.

ಈಸ್ಟರ್ ತಾರೀಖು ಯಾಕೆ ಪ್ರತಿ ವರ್ಷ ಬದಲಾಗುತ್ತದೆ ಅಂತ ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಅದು ಚಂದ್ರನ ಲೆಕ್ಕ. ಮಾರ್ಚ್ 21 ಅಥವಾ ಅದರ ನಂತರದ ಮೊದಲ ಹುಣ್ಣಿಮೆ ಆದ ಮೇಲೆ ಬರುವ ಭಾನುವಾರವೇ ಈಸ್ಟರ್. ನಮ್ಮ ಯುಗಾದಿ ಹೇಗೆ ಅಮಾವಾಸ್ಯೆ ನೋಡಿ ಸರಿಯುತ್ತದೋ ಇದೂ ಹಾಗೇ. 2026ರಲ್ಲಿ ಏಪ್ರಿಲ್ 5ಕ್ಕೆ ಇತ್ತು, 2027ರಲ್ಲಿ ಮಾರ್ಚ್ 28ಕ್ಕೇ ಬರುತ್ತದೆ. ಹಿಮ್ಮೆಲ್‌ಫಾರ್ಟ್, ಫಿಂಗ್‌ಸ್ಟೆನ್, ಫ್ರೋನ್‌ಲೈಖ್ನಾಮ್ ಮೂರೂ ಈಸ್ಟರ್ ಹಿಡಿದುಕೊಂಡೇ ಹೋಗುತ್ತವೆ. ಅದು ಹಿಂದೆ ಬಂದರೆ ಇವೂ ಹಿಂದೆ.

ವಿಷಯಕ್ಕೆ ಸ್ವಲ್ಪ ಹೊರಗಿನ ಮಾತು. ಅಳಿಯನಿಗೆ ಕನ್ನಡ ಓದಲು ಬರುತ್ತದೆಯೋ ಇಲ್ಲವೋ, ನಮ್ಮ ಧಾರವಾಡದಲ್ಲಿ ಓಡಾಡಿ ಕನ್ನಡ ನಿಘಂಟು ಮಾಡಿದ ಕಿಟೆಲ್ ಅವರು 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲಿ. ಅದು ಸ್ಟುಟ್‌ಗಾರ್ಟ್‌ಗೆ ಬಹಳ ಹತ್ತಿರ. ಒಂದು ಫೈಯರ್‌ಟಾಗ್ ದಿನ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಲು ಹೇಳಿ.

ಗದಗಿನವ, ರೈನ್ ದಂಡೆಯಿಂದ

ಮೇಷ್ಟ್ರೇ, ಒಂದು ಎಚ್ಚರಿಕೆ. ಇಂಟರ್ನೆಟ್‌ನಲ್ಲಿ ಜರ್ಮನಿಯ ರಜಾಪಟ್ಟಿ ಅಂತ ಹುಡುಕಿ ಸಿಕ್ಕಿದ್ದನ್ನು ನಂಬಬೇಡಿ. ಇಲ್ಲಿ 16 ರಾಜ್ಯ, ಪ್ರತಿ ರಾಜ್ಯಕ್ಕೂ ಬೇರೆ ಪಟ್ಟಿ. ಎಲ್ಲ ಕಡೆ ಒಂದೇ ಇರುವುದು ಒಂಬತ್ತು ದಿನ ಮಾತ್ರ: ಹೊಸ ವರ್ಷ, ಗುಡ್ ಫ್ರೈಡೇ, ಈಸ್ಟರ್ ಸೋಮವಾರ, ಮೇ 1, ಹಿಮ್ಮೆಲ್‌ಫಾರ್ಟ್, ಫಿಂಗ್‌ಸ್ಟ್‌ಮೋಂಟಾಗ್, ಅಕ್ಟೋಬರ್ 3, ಡಿಸೆಂಬರ್ 25 ಮತ್ತು 26. ಅಕ್ಟೋಬರ್ 3 ಎರಡು ಜರ್ಮನಿ ಒಂದಾದ ದಿನ, 1990ರಿಂದ ಇದೆ. ಮಿಕ್ಕಿದ್ದೆಲ್ಲ ರಾಜ್ಯದ ಮೇಲೆ. ಬರ್ಲಿನ್‌ನಲ್ಲಿ 2019ರಿಂದ ಮಹಿಳಾ ದಿನಕ್ಕೂ ಸೂಟಿ, ನಮಗೆ ಇಲ್ಲ. ಆಗ್ಸ್‌ಬುರ್ಗ್ ಅನ್ನುವ ಒಂದು ಊರಿಗೆ ಮಾತ್ರ ಆಗಸ್ಟ್ 8 ಸೂಟಿ, ನಮ್ಮಲ್ಲಿ ಜಿಲ್ಲಾಧಿಕಾರಿ ಸ್ಥಳೀಯ ರಜೆ ಕೊಟ್ಟ ಹಾಗೆ, ಆದರೆ ಅದು ಪ್ರತಿ ವರ್ಷ ಕಾಯಂ.

ಮನೆ ಎಲ್ಲಿದೆ ಅನ್ನುವುದು ಮುಖ್ಯ ಅಲ್ಲ, ಕೆಲಸ ಮಾಡುವ ಜಾಗ ಯಾವ ರಾಜ್ಯದಲ್ಲಿದೆ ಅನ್ನುವುದು ಮುಖ್ಯ. ನಮ್ಮ ಮನೆ ಲುಡ್ವಿಗ್ಸ್‌ಹಾಫನ್‌ನಲ್ಲಿ, ನನ್ನ ಆಫೀಸು ಮಾನ್‌ಹೈಮ್‌ನಲ್ಲಿ. ನಡುವೆ ರೈನ್ ನದಿ, ಸೇತುವೆ ದಾಟಿದರೆ ಬೇರೆ ರಾಜ್ಯ. ಜನವರಿ 6 ಮಾನ್‌ಹೈಮ್ ಕಡೆ ಫೈಯರ್‌ಟಾಗ್, ಈ ಕಡೆ ಇಲ್ಲ. ನಾನು ಮನೆಯಲ್ಲಿ ಇರುತ್ತೇನೆ, ಹೆಂಡತಿ ಕೆಲಸಕ್ಕೆ ಹೋಗುತ್ತಾಳೆ, ಮಗ ಶಾಲೆಗೆ ಹೋಗುತ್ತಾನೋ ಇಲ್ಲವೋ ಅನ್ನುವುದು ಅವನ ಶಾಲೆಯ ರಾಜ್ಯದ ಫೇರಿಯನ್ ಮುಗಿದಿದೆಯಾ ಅನ್ನುವುದರ ಮೇಲೆ. ಮೊದಲ ವರ್ಷ ಗೊತ್ತಿಲ್ಲದೆ ನಾನು ಅವತ್ತಿಗೆ ಉರ್ಲೌಬ್ ಅರ್ಜಿ ಹಾಕಿದ್ದೆ, ಇದು ನಿಮಗೆ ಹೇಗೂ ಸೂಟಿ ಅಂತ ಆಫೀಸಿನವರು ಅದನ್ನು ವಾಪಸ್ ಕಳಿಸಿದರು.

ಇನ್ನೊಂದು. ಫೈಯರ್‌ಟಾಗ್ ಶನಿವಾರ, ಭಾನುವಾರ ಬಂದರೆ ಅದು ಹೋಯಿತು ಅಂತಲೇ ಲೆಕ್ಕ. ಸೋಮವಾರ ಬದಲಿ ರಜೆ ಕೊಡುವುದಿಲ್ಲ. 2027ರಲ್ಲಿ ಮೇ 1 ಶನಿವಾರ, ಅಕ್ಟೋಬರ್ 3 ಭಾನುವಾರ, ಡಿಸೆಂಬರ್ 25 ಶನಿವಾರ. ಹಾಗಾಗಿ ಮುಂದಿನ ವರ್ಷ ಎಲ್ಲರೂ ಹಿಮ್ಮೆಲ್‌ಫಾರ್ಟ್, ಫಿಂಗ್‌ಸ್ಟೆನ್ ಸುತ್ತಲಿನ ದಿನಗಳಿಗೇ ಮುಗಿಬೀಳುತ್ತಾರೆ. ತಂಗಿ ಜನವರಿ ಅಂದಿದ್ದು ಅದಕ್ಕೇ. ಸಾಧ್ಯವಾದರೆ ಜನವರಿವರೆಗೂ ಕಾಯಬಾರದು.

ನನ್ನ ಅಭಿಪ್ರಾಯ ಕೇಳಿದರೆ ಆಗಸ್ಟ್ ನೋಡಿ. ಬೇಡನ್-ವುರ್ಟೆಂಬರ್ಗ್‌ನಲ್ಲಿ ಸೊಮ್ಮರ್‌ಫೇರಿಯನ್ ಜುಲೈ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ ಆರು ವಾರ. ಶ್ರಾವಣದಲ್ಲಿ ಮದುವೆ ಮಾಡಿದರೆ ಮಕ್ಕಳು ಊರಲ್ಲಿ ಒಂದು ತಿಂಗಳು ಇರಬಹುದು.

ಗೋಕುಲ ರೋಡ್ ಮೇಷ್ಟ್ರು

ನಿಮ್ಮೆಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ. ಗದಗಿನ ಅಣ್ಣಾ, ಆಗಸ್ಟ್ ನಮಗೆ ಕಷ್ಟ. ಹುಡುಗಿ ಮನೆಯವರು ಬೇಸಿಗೆ ದಾಟಿಸುವುದು ಬೇಡ ಅಂತ ಸ್ಪಷ್ಟವಾಗಿ ಹೇಳಿದ್ದಾರೆ, ನನಗೂ ಆಗ ಶಾಲೆ ಜೋರಾಗಿ ನಡೆಯುತ್ತಿರುತ್ತದೆ.

ಎರಡು ಪ್ರಶ್ನೆ ಉಳಿದಿವೆ. ಜರ್ಮನಿಯಲ್ಲಿ ವರ್ಷಕ್ಕೆ 30 ದಿನ ರಜೆ ಅಂತ ಕೇಳಿದ್ದೇನೆ. ಇನ್ನೊಂದು ಕಡೆ 24, ಮತ್ತೊಂದು ಕಡೆ 20 ಅಂತ ಓದಿದೆ. ಯಾವುದು ಸರಿ? 30 ಇದ್ದರೆ ಎಂಟು ದಿನ ಕೊಡುವುದು ಅಷ್ಟು ದೊಡ್ಡ ವಿಷಯವಾ? ಅಪ್ಪ ಇದನ್ನೇ ಕೇಳುತ್ತಾರೆ, ಅಳಿಯಂದಿರಿಗೆ ಬರುವ ಮನಸ್ಸಿಲ್ಲವೇನೋ ಅಂತ. ಎರಡನೆಯದು, ಸೊಸೆಯ ಕೀಟಾಗೂ ಫೇರಿಯನ್ ಇದೆಯಾ?

ರಾಣೆಬೆನ್ನೂರಿನವಳು

ಸರ್, ಅಪ್ಪಾಜಿಗೆ ದಯವಿಟ್ಟು ಇದನ್ನು ಓದಿ ಹೇಳಿ.

ಮೂರೂ ಸರಿಯೇ. ಕಾನೂನು ಹೇಳುವುದು ಕನಿಷ್ಠ 24 ವೆರ್ಕ್‌ಟಾಗ್ ಅಂತ. ವೆರ್ಕ್‌ಟಾಗ್ ಅಂದರೆ ಸೋಮವಾರದಿಂದ ಶನಿವಾರ, ವಾರಕ್ಕೆ ಆರು. 24 ಅಂದರೆ ನಾಲ್ಕು ವಾರ. ವಾರಕ್ಕೆ ಐದೇ ದಿನ ಕೆಲಸ ಮಾಡುವವರಿಗೆ ಅದೇ ನಾಲ್ಕು ವಾರ 20 ದಿನ ಆಗುತ್ತದೆ. ಬಹಳ ಕಂಪನಿಗಳು ತಾವಾಗಿ 28, 30 ಕೊಡುತ್ತವೆ. 30 ಇದ್ದರೆ ಆರು ವಾರ.

ಈಗ ಶಾಲೆಯ ಸೂಟಿ ಎಷ್ಟು ನೋಡಿ. ರಾಜ್ಯಗಳು 1964ರಲ್ಲಿ ಮಾಡಿಕೊಂಡ ಹ್ಯಾಂಬರ್ಗ್ ಒಪ್ಪಂದದ ಪ್ರಕಾರ ವರ್ಷಕ್ಕೆ 75 ವೆರ್ಕ್‌ಟಾಗ್ ಫೇರಿಯನ್. ಅಂದರೆ ಹನ್ನೆರಡೂವರೆ ವಾರ. ಅಪ್ಪನಿಗೆ ಆರು ವಾರ, ಅಮ್ಮನಿಗೆ ಆರು ವಾರ. ಇಬ್ಬರೂ ಒಬ್ಬರಾದ ಮೇಲೆ ಒಬ್ಬರು ರಜೆ ಹಾಕಿ ಮಕ್ಕಳನ್ನು ನೋಡಿಕೊಂಡರೂ ಪೂರ್ತಿ ಆಗುವುದಿಲ್ಲ. ಒಟ್ಟಿಗೆ ರಜೆ ಹಾಕಿದರಂತೂ ಒಂದು ದಿನಕ್ಕೆ ಎರಡು ಉರ್ಲೌಬ್ ಹೋಗುತ್ತದೆ. ಇಲ್ಲಿ ಅಜ್ಜಿ ಇಲ್ಲ, ಚಿಕ್ಕಮ್ಮ ಇಲ್ಲ, ಪಕ್ಕದ ಮನೆಯಲ್ಲಿ ಬಿಟ್ಟು ಹೋಗುವ ಹಾಗಿಲ್ಲ.

ಅದರ ಮೇಲೆ ಕೀಟಾ. ಕೀಟಾಗೆ ಫೇರಿಯನ್ ಪಟ್ಟಿ ಅನ್ವಯಿಸುವುದಿಲ್ಲ. ಅದಕ್ಕೆ ಶ್ಲೀಸ್‌ಟಾಗೆ ಅಂತ ಇರುತ್ತವೆ, ಮುಚ್ಚುವ ದಿನಗಳು. ಪ್ರತಿ ಕೀಟಾ ತಾನೇ ಗೊತ್ತು ಮಾಡಿ ಮೊದಲೇ ಒಂದು ಹಾಳೆ ಕೊಡುತ್ತದೆ. ಶಾಲೆಯ ಸೂಟಿಗೂ ಅದಕ್ಕೂ ಒಂದೊಂದು ಸಲ ತಾಳೆ ಆಗುವುದಿಲ್ಲ. ಶಾಲೆಗಳೂ ತಮ್ಮ ಕೈಯಲ್ಲಿ ಒಂದಷ್ಟು ಬೆವೆಗ್ಲಿಖೆ ಫೇರಿಯನ್‌ಟಾಗೆ ಇಟ್ಟುಕೊಂಡಿರುತ್ತವೆ, ಬೇಕಾದ ಕಡೆ ಸರಿಸಿ ಇಡಬಹುದಾದ ಸೂಟಿ ದಿನಗಳು ಅಂತ ಅರ್ಥ. ಈ ಎರಡು ಹಾಳೆ ಕೈಗೆ ಬರುವವರೆಗೆ ನಾವು ವರ್ಷದ ಯೋಜನೆಯನ್ನೇ ಮಾಡಲು ಆಗುವುದಿಲ್ಲ.

ನಿಮ್ಮ ಮನೆಯ ಅಳಿಯಂದಿರಿಗೆ ಮನಸ್ಸಿಲ್ಲ ಅಂತಲ್ಲ ಸರ್. ನನ್ನ ಗಂಡನೂ ಡಿಸೆಂಬರ್‌ನಲ್ಲಿ ಕ್ಯಾಲೆಂಡರ್ ಹಿಡಿದು ಕೂತರೆ ಒಂದೊಂದು ದಿನವನ್ನೂ ಎಣಿಸಿ ಎಣಿಸಿ ಇಡುತ್ತಾರೆ. ಒಂದು ಒಳ್ಳೆಯ ವಿಷಯ ಇದೆ. ರಜೆ ಕೊಡುವಾಗ ಒಂದೇ ದಿನಕ್ಕೆ ಇಬ್ಬರು ಕೇಳಿದರೆ ಮನೆಯ ಪರಿಸ್ಥಿತಿ ನೋಡಬೇಕು ಅಂತ ಕಾನೂನಿನಲ್ಲೇ ಇದೆ. ಹಾಗಾಗಿ ಶಾಲೆಗೆ ಹೋಗುವ ಮಕ್ಕಳಿರುವವರಿಗೆ ಫೇರಿಯನ್ ಸಮಯದಲ್ಲಿ ಸಾಮಾನ್ಯವಾಗಿ ಆದ್ಯತೆ ಸಿಗುತ್ತದೆ. ಮದುವೆ ತಾರೀಖು ಬೇಗ ಹೇಳಿದರೆ ಅವರು ಮೊದಲು ಅರ್ಜಿ ಹಾಕಬಹುದು.

ಪ್ರಯಾಣದ ಬಗ್ಗೆಯೂ ಹೇಳಿಬಿಡುತ್ತೇನೆ. ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ನೇರ ವಿಮಾನ ಇದೆ. 15ರ ಶನಿವಾರ ಹೊರಟರೆ 16ಕ್ಕೆ ಹುಬ್ಬಳ್ಳಿ ಮನೆ ತಲುಪುತ್ತಾರೆ. ಮಕ್ಕಳಿಗೆ ಎರಡು ದಿನ ನಿದ್ದೆ ಸರಿಯಾಗುವುದಿಲ್ಲ, ಆ ಬಿಸಿಲಿಗೆ ಒಗ್ಗಲೂ ಬೇಕು. ಅರಿಶಿನ, ದೇವರ ಕಾರ್ಯ 19ರ ಮೇಲೆ ಇಟ್ಟುಕೊಳ್ಳಿ. ವಾಪಸ್ ಹೋಗುವವರು 29ಕ್ಕೇ ಹೊರಡಲಿ, 31ರ ಸೋಮವಾರ ಶಾಲೆ, ಒಂದು ದಿನ ಕೈಯಲ್ಲಿ ಇರಬೇಕು. ಕೊನೆಯ ತಾರೀಖುಗಳನ್ನು ರಾಜ್ಯದ ಶಿಕ್ಷಣ ಇಲಾಖೆಯ ಪಟ್ಟಿಯಲ್ಲಿ ತಂಗಿ ಒಮ್ಮೆ ನೋಡಿ ಖಚಿತ ಮಾಡಲಿ.

ಗೋಕುಲ ರೋಡ್ ಮೇಷ್ಟ್ರು

ಅಕ್ಕಾ, ನಿಮ್ಮ ಬರಹವನ್ನು ಅಪ್ಪನಿಗೆ ಓದಿ ಹೇಳಿದೆ. ಹನ್ನೆರಡೂವರೆ ವಾರ, ಆರು ವಾರ ಅನ್ನುವ ಲೆಕ್ಕವನ್ನು ಎರಡು ಸಲ ಕೇಳಿದರು. ಆಮೇಲೆ ಅವರೇ ಫೋನ್ ತೆಗೆದುಕೊಂಡು ಅಳಿಯಂದಿರ ಹತ್ತಿರ ಮಾತಾಡಿದರು, ಬಹಳ ದಿನದ ಮೇಲೆ ಅರ್ಧ ಗಂಟೆ ಮಾತಾಡಿದರು.

ತಂಗಿಗೆ ಮೇ 15ರಿಂದ 30 ಅಂತ ಬರೆದು ಕಳಿಸಿದ್ದೆ, ಫ್ರೋನ್‌ಲೈಖ್ನಾಮ್ ಸೇರಿಸಿ ಎಂಟೇ ಉರ್ಲೌಬ್ ಸಾಕಲ್ವಾ ಅಂತ. ಅಣ್ಣಾ ನಿನಗೆ ಇದೆಲ್ಲ ಯಾರು ಹೇಳಿಕೊಟ್ಟರು ಅಂತ ಕೇಳಿದಳು. ಕೀಟಾ ಹಾಳೆ ಇನ್ನೂ ಬಂದಿಲ್ಲ, ಆದರೆ ಇಬ್ಬರೂ ಈ ವಾರವೇ ಆಫೀಸಿನಲ್ಲಿ ಕೇಳುತ್ತಾರೆ.

ನಮ್ಮ ಕಡೆ ಮೇ ಕೊನೆಗೆ ಶಾಲೆ ಶುರುವಾಗುತ್ತದೆ, ಅಡ್ಡಮಳೆಯೂ ನೋಡಬೇಕು. ಹಾಗಾಗಿ ಶಾಸ್ತ್ರಿಗಳಿಗೆ 20ರಿಂದ 26ರೊಳಗೆ ಮುಹೂರ್ತ ಕೇಳಿದ್ದೇನೆ. ಮಂಟಪದವರ ಹತ್ತಿರ ನಾಳೆ ಬೆಳಗ್ಗೆ ಹೋಗುತ್ತೇನೆ.

ಗದಗಿನವ, ರೈನ್ ದಂಡೆಯಿಂದ

ಬಹಳ ಸಂತೋಷ ಮೇಷ್ಟ್ರೇ. ಮಂಟಪಕ್ಕೆ ಪೂರ್ತಿ ದುಡ್ಡು ಕೊಡುವ ಮೊದಲು ಇಬ್ಬರ ಉರ್ಲೌಬ್ ಮಂಜೂರಾಯಿತಾ ಅಂತ ಒಮ್ಮೆ ಕೇಳಿಕೊಳ್ಳಿ. ಅಲ್ಲಿಯವರೆಗೆ ಅಡ್ವಾನ್ಸ್ ಮಾತ್ರ ಕೊಡಿ.